ಥಾಯ್ಲೆಂಡ್ ಪ್ರವಾಸ: ದುಡ್ಡಿನ ಲೆಕ್ಕ ಹೀಗಿರಲಿ

ಬ್ಯಾಂಕಾಕ್‌ನ ಮಾಲ್‌ಗಳಲ್ಲಿ ಕಾರ್ಡ್ ನಡೆಯುತ್ತದೆ. ಟುಕ್‌ಟುಕ್, ರಾತ್ರಿ ಸಂತೆ, ತಿಂಡಿ ಗಾಡಿಗಳಲ್ಲಿ ಮಾತ್ರ ಬಾತ್ ನೋಟೇ ಗತಿ. ಅಲ್ಲಿಯೂ ಕ್ಯೂಆರ್ ಕೋಡ್ ಕಾಣಿಸುತ್ತದೆ. ಆದರೆ ಅದು ಥಾಯ್ ಬ್ಯಾಂಕುಗಳ ಪ್ರಾಂಪ್ಟ್‌ಪೇ. ನಮ್ಮ ಯುಪಿಐ ನಂಬಿಕೊಂಡು ವಿಮಾನ ಹತ್ತಬೇಡಿ. ನಗದು, ಕಾರ್ಡ್ ಎರಡೂ ಜೊತೆಗಿರಲಿ.

1. ಕಾರ್ಡ್ ಸಿದ್ಧಪಡಿಸಿ
2020ರ ಆರ್‌ಬಿಐ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿ, ದಿನದ ಮಿತಿ ಹಾಕಿ. ವಿದೇಶಿ ಹಣದ ಖರ್ಚಿನ ಮೇಲೆ ಬ್ಯಾಂಕ್ ಹಾಕುವ ಮಾರ್ಕಪ್ ಶುಲ್ಕ ಎಷ್ಟೆಂದು ಕೇಳಿ. ಅದು ಶೇ 3.5 ಇದ್ದರೆ, ಜಿಎಸ್‌ಟಿ ಸೇರಿ 10,000 ರೂಪಾಯಿ ಖರ್ಚಿಗೆ 413 ರೂಪಾಯಿ ಹೆಚ್ಚುವರಿ. ಫಾರೆಕ್ಸ್ ಕಾರ್ಡ್ ಕೊಳ್ಳುವವರು ಅದರಲ್ಲಿ ಬಾತ್ ತುಂಬಲು ಬರುತ್ತದೆಯೇ ನೋಡಿ. ಡಾಲರ್ ತುಂಬಿ ಬಾತ್‌ನಲ್ಲಿ ಖರ್ಚು ಮಾಡಿದರೆ ಮತ್ತೊಂದು ಶುಲ್ಕ ಬೀಳಬಹುದು.

2. ನೋಟು ಕೊಳ್ಳಿ
ಆರ್‌ಬಿಐ ಪರವಾನಗಿ ಇರುವ ವಿನಿಮಯ ಕೇಂದ್ರಕ್ಕೇ ಹೋಗಿ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಒಯ್ಯಿರಿ. ನಗದು ಕೊಟ್ಟು 50,000 ರೂಪಾಯಿಗಿಂತ ಕಡಿಮೆ ಮೊತ್ತದ ವಿದೇಶಿ ಹಣ ಕೊಳ್ಳಬಹುದು. ಅದಕ್ಕಿಂತ ಹೆಚ್ಚಾದರೆ ಬ್ಯಾಂಕ್ ಮೂಲಕವೇ ಪಾವತಿಸಬೇಕು. ಮೊದಲ ದಿನದ ಖರ್ಚಿಗೆ ಬಾತ್, ಉಳಿದದ್ದಕ್ಕೆ ಡಾಲರ್ ಸಾಕು. 100 ಡಾಲರಿನ ನೋಟಿಗೆ ಅಲ್ಲಿ ಚಿಲ್ಲರೆ ನೋಟುಗಳಿಗಿಂತ ಒಳ್ಳೆಯ ದರ ಸಿಗುತ್ತದೆ. ಹರಿದ, ಗೀಚಿದ ನೋಟು ಬೇಡ.

3. ಊರೊಳಗೆ ಬದಲಿಸಿ
ವಿಮಾನ ನಿಲ್ದಾಣದ ಕೌಂಟರ್‌ಗಳಿಗಿಂತ ಊರೊಳಗಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ದರ ಚೆನ್ನಾಗಿರುತ್ತದೆ. ಪಾಸ್‌ಪೋರ್ಟ್ ತೋರಿಸಬೇಕು. ಕೌಂಟರ್ ಬಿಡುವ ಮುಂಚೆಯೇ ನೋಟು ಎಣಿಸಿ. ಟ್ಯಾಕ್ಸಿಯವರು 1,000 ಬಾತ್‌ಗೆ ಚಿಲ್ಲರೆ ಇಲ್ಲ ಎನ್ನುವುದು ಮಾಮೂಲು. 20, 100ರ ನೋಟುಗಳನ್ನೂ ಕೇಳಿ ಪಡೆಯಿರಿ.

4. ಎಟಿಎಂನಲ್ಲಿ ಎಚ್ಚರ
ವಿದೇಶಿ ಕಾರ್ಡಿಗೆ ಥಾಯ್ ಬ್ಯಾಂಕುಗಳು ಪ್ರತಿ ಸಲ ಸುಮಾರು 220 ಬಾತ್ ಅಥವಾ ಅದಕ್ಕೂ ಹೆಚ್ಚು ಶುಲ್ಕ ಹಿಡಿಯುತ್ತವೆ. 1,000 ಬಾತ್ ತೆಗೆದರೆ ಶೇ 22 ಅಲ್ಲಿಗೇ ಹೋಯಿತು. 10,000 ತೆಗೆದರೆ ಹೋಗುವುದು ಶೇ 2.2. ಆದ್ದರಿಂದ ಒಮ್ಮೆಗೇ ತೆಗೆಯಿರಿ. ಕ್ರೆಡಿಟ್ ಕಾರ್ಡಿನಿಂದ ನಗದು ಬೇಡ, ಬಡ್ಡಿ ಅಂದಿನಿಂದಲೇ ಶುರು.

5. ಬಾತ್‌ನಲ್ಲೇ ಪಾವತಿಸಿ
‘ರೂಪಾಯಿಯೋ, ಬಾತೋ?’ ಎಂದು ಯಂತ್ರ ಕೇಳಿದರೆ ಬಾತ್ ಒತ್ತಿ. ಎಟಿಎಂ ಪರದೆಯಲ್ಲಿ ‘ವಿತೌಟ್ ಕನ್ವರ್ಷನ್’ ಆರಿಸಿ. ರೂಪಾಯಿ ಒತ್ತಿದರೆ ದರ ನಿಗದಿ ಮಾಡುವುದು ಅಲ್ಲಿಯವರು. ಅದು ಬಹುತೇಕ ದುಬಾರಿ.

6. ಹಂಚಿ ಇಡಿ
ಎರಡು ಕಾರ್ಡ್‌ಗಳನ್ನು ಬೇರೆ ಬೇರೆ ಚೀಲದಲ್ಲಿ ಇಟ್ಟುಕೊಳ್ಳಿ. ಒಟಿಪಿ ಬರಲು ಭಾರತದ ಸಿಮ್ ಚಾಲೂ ಇರಲಿ.

7. ಮರಳಿದ ಮೇಲೆ
2,000 ಡಾಲರ್ ಮೌಲ್ಯದವರೆಗಿನ ವಿದೇಶಿ ನೋಟು ಮನೆಯಲ್ಲಿ ಇಟ್ಟುಕೊಳ್ಳಬಹುದು. ಹೆಚ್ಚಿದ್ದರೆ 180 ದಿನಗಳೊಳಗೆ ಮರಳಿಸಬೇಕು. ಜೊತೆಗೆ, ಕಾರ್ಡಿನ ವಿದೇಶಿ ಬಳಕೆಯನ್ನು ಆ್ಯಪ್‌ನಲ್ಲಿ ಮತ್ತೆ ಬಂದ್ ಮಾಡಲು ಮರೆಯದಿರಿ.