ಬಹುಮಹಡಿ ವಸತಿ ಮತ್ತು ವಲಯ ನಿಯಮಾವಳಿ: ಬೆಂಗಳೂರಿನ ಅನುಭವದಿಂದ ಕಲಿಯಬೇಕಾದ ಪಾಠ

ಬೆಳೆಯುತ್ತಿರುವ ನಗರವೊಂದು ಹೊಸದಾಗಿ ಬರುವವರಿಗೆ ನೆಲೆ ಕಲ್ಪಿಸುವ ಮಾರ್ಗಗಳು ಎರಡು. ಹೊರವಲಯದ ಭೂಮಿಯತ್ತ ಹಬ್ಬುವುದು ಒಂದು. ಇರುವ ನೆಲದ ಮೇಲೆಯೇ ಎತ್ತರಕ್ಕೆ ಏರುವುದು ಇನ್ನೊಂದು. ಜನಗಣತಿಯಂತೆ 2001ರಲ್ಲಿ ಸುಮಾರು 57 ಲಕ್ಷವಿದ್ದ ಬೆಂಗಳೂರು ನಗರ ಪ್ರದೇಶದ ಜನಸಂಖ್ಯೆ, ವ್ಯಾಪ್ತಿಯ ವಿಸ್ತರಣೆಯೂ ಸೇರಿ, 2011ರಲ್ಲಿ ಸುಮಾರು 85 ಲಕ್ಷ ಮುಟ್ಟಿತು. ಈ ಅವಧಿಯಲ್ಲಿ ನಗರವು ಎರಡೂ ಮಾರ್ಗಗಳನ್ನು ಏಕಕಾಲಕ್ಕೆ ಹಿಡಿಯಿತು. ಬಹುಮಹಡಿ ವಸತಿ ಸಮುಚ್ಚಯಗಳ ಕುರಿತ ವಿವಾದದ ಮೂಲವೂ ಇಲ್ಲಿಯೇ ಇದೆ.

ನಿಯಮದ ಸ್ವರೂಪ

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅನ್ವಯ ಸಿದ್ಧವಾಗುವ ಮಹಾಯೋಜನೆಯು ನಗರದ ಭೂಮಿಯನ್ನು ವಸತಿ, ವಾಣಿಜ್ಯ, ಕೈಗಾರಿಕೆ ಮುಂತಾದ ವಲಯಗಳಾಗಿ ವಿಂಗಡಿಸುತ್ತದೆ. ನಿವೇಶನವೊಂದರ ಮೇಲೆ ಎಷ್ಟು ಕಟ್ಟಬಹುದೆಂಬುದನ್ನು ನೆಲ ವಿಸ್ತೀರ್ಣ ಅನುಪಾತ, ಅಂದರೆ ಎಫ್‌.ಎ.ಆರ್‌. ನಿರ್ಧರಿಸುತ್ತದೆ. ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣವನ್ನು ನಿವೇಶನದ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಇದು.

2007ರಲ್ಲಿ ಅನುಮೋದನೆ ಪಡೆದ, 2015ನ್ನು ಗುರಿವರ್ಷವಾಗಿಟ್ಟುಕೊಂಡ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆಯು ಈ ಅನುಪಾತವನ್ನು ನಿವೇಶನದ ಗಾತ್ರಕ್ಕೂ ರಸ್ತೆಯ ಅಗಲಕ್ಕೂ ಜೋಡಿಸಿತು. ಪ್ರಧಾನ ವಸತಿ ವಲಯದಲ್ಲಿ 12 ಮೀಟರ್‌ವರೆಗಿನ ರಸ್ತೆಯ ಸಣ್ಣ ನಿವೇಶನಕ್ಕೆ 1.75 ಇದ್ದರೆ, 30 ಮೀಟರ್‌ಗೂ ಅಗಲವಾದ ರಸ್ತೆಯ ದೊಡ್ಡ ನಿವೇಶನಕ್ಕೆ 3.25 ನಿಗದಿಯಾಯಿತು. ರಸ್ತೆಯು ಹೊರಬಲ್ಲಷ್ಟೇ ಭಾರವನ್ನು ಅದರ ಮೇಲೆ ಹೇರಬೇಕೆಂಬುದು ಇದರ ಹಿಂದಿನ ತತ್ತ್ವ.

ಒಂದು ಲೆಕ್ಕ

ಈ ಸಂಖ್ಯೆಗಳ ಪರಿಣಾಮವನ್ನು ಒಂದು ಉದಾಹರಣೆಯಿಂದ ಅರಿಯಬಹುದು. ಒಂದು ಎಕರೆ, ಅಂದರೆ 43,560 ಚದರಡಿ ಭೂಮಿಯಲ್ಲಿ 2.25ರ ಅನುಪಾತದಂತೆ ಸುಮಾರು 98,000 ಚದರಡಿ ಕಟ್ಟಬಹುದು, 3.25ರಂತೆ ಸುಮಾರು 1,41,500 ಚದರಡಿ. ಸಾಮಾನ್ಯ ಉಪಯೋಗದ ಭಾಗವೂ ಸೇರಿ ಮನೆಯೊಂದಕ್ಕೆ 1,200 ಚದರಡಿ ಎಂದುಕೊಂಡರೆ ಮನೆಗಳ ಸಂಖ್ಯೆ 81ರಿಂದ 117ಕ್ಕೆ ಏರುತ್ತದೆ. ಭೂಮಿಯ ಬೆಲೆ ಹೆಚ್ಚು ಮನೆಗಳಿಗೆ ಹಂಚಿಕೆಯಾಗುವುದರಿಂದ ಪ್ರತಿ ಮನೆಯ ಮೇಲಿನ ಭೂವೆಚ್ಚ ಇಳಿಯುತ್ತದೆ.

ಇದೇ ಲೆಕ್ಕಕ್ಕೆ ಮತ್ತೊಂದು ಮುಖವೂ ಇದೆ. ಮನೆಗೆ ನಾಲ್ವರು, ತಲಾ ದಿನಕ್ಕೆ 135 ಲೀಟರ್ ನೀರು ಎಂದು ಹಿಡಿದರೆ, ಹೆಚ್ಚುವರಿ 36 ಮನೆಗಳಿಗೆ ಪ್ರತಿದಿನ 19,440 ಲೀಟರ್ ಬೇಕು. ಕೊಳವೆಯಲ್ಲಿ ಅದು ಬಾರದಿದ್ದರೆ 6,000 ಲೀಟರ್‌ನ ಮೂರಕ್ಕೂ ಹೆಚ್ಚು ಟ್ಯಾಂಕರ್‌ಗಳು ನಿತ್ಯ ಬರಬೇಕು. ಬಿಲ್ಡರನ ಬೆಲೆಪಟ್ಟಿಯಲ್ಲಿ ಕಾಣದ ಈ ವೆಚ್ಚವನ್ನು ಮನೆ ಕೊಂಡವರು ತಿಂಗಳು ತಿಂಗಳೂ ಭರಿಸುತ್ತಾರೆ.

ವಾದ ಮತ್ತು ಪ್ರತಿವಾದ

ಎತ್ತರದ ನಿರ್ಮಾಣವನ್ನು ಬೆಂಬಲಿಸುವವರ ವಾದ ಬಲವಾಗಿಯೇ ಇದೆ. ನಗರವು ಹರಡಿದಷ್ಟೂ ನೀರಿನ ಕೊಳವೆ, ಒಳಚರಂಡಿ, ಬಸ್ ಮಾರ್ಗಗಳ ಉದ್ದ ಬೆಳೆಯುತ್ತದೆ. ನೌಕರನ ದಿನದ ಗಂಟೆಗಳು ಪ್ರಯಾಣದಲ್ಲಿ ಕರಗುತ್ತವೆ. 2011ರಲ್ಲಿ ಆರಂಭಗೊಂಡ ಮೆಟ್ರೋದಂತಹ ಭಾರಿ ಹೂಡಿಕೆಯ ಸಾರಿಗೆಗೆ ನಿಲ್ದಾಣಗಳ ಸುತ್ತ ದಟ್ಟ ವಸತಿಯೇ ಆಧಾರ. ಹಳೆಯ ಬಡಾವಣೆಗಳ ನಿವಾಸಿಗಳ ಆಕ್ಷೇಪವನ್ನೂ ಸ್ವಾರ್ಥವೆಂದು ತಳ್ಳಿಹಾಕುವಂತಿಲ್ಲ. ಒಂಟಿ ಮನೆಗಳಿಗೆಂದು ಹಾಕಿದ ಒಳಚರಂಡಿಗೆ ಸಮುಚ್ಚಯಗಳು ಜೋಡಣೆಯಾದಾಗ ಕೊಳಚೆ ಉಕ್ಕುವುದು ಅವರ ಬಾಗಿಲಲ್ಲಿಯೇ.

ಕ್ರಮ ತಪ್ಪಿದ ಬೆಳವಣಿಗೆ

ಈ ಎರಡೂ ವಾದಗಳು ಸತ್ಯವಾಗಿರುವುದರಿಂದ, ವಿವಾದದ ತಿರುಳು ಕಟ್ಟಡದ ಎತ್ತರದಲ್ಲಿ ಇಲ್ಲ; ಮೊದಲು ಯಾವುದು, ಅನಂತರ ಯಾವುದು ಎಂಬ ಕ್ರಮದಲ್ಲಿದೆ. 2007ರಲ್ಲಿ ಮಹಾನಗರ ಪಾಲಿಕೆಯನ್ನು ವಿಸ್ತರಿಸಿದಾಗ ಸುತ್ತಲಿನ ನಗರಸಭೆಗಳೊಂದಿಗೆ 110 ಹಳ್ಳಿಗಳು ಸೇರ್ಪಡೆಯಾದವು. ಈ ಹಳ್ಳಿಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟು ರೂಪಿಸಿದ, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಗೊಂಡದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ 17 ವರ್ಷಗಳಲ್ಲಿ ಕಟ್ಟಡಗಳು ಕಾಯಲಿಲ್ಲ. ಕೊಳವೆಬಾವಿ ಮತ್ತು ಟ್ಯಾಂಕರ್‌ಗಳನ್ನು ನಂಬಿದ ಬಡಾವಣೆಗಳು 2024ರ ಬೇಸಿಗೆಯಲ್ಲಿ ಅದರ ಬೆಲೆ ತೆತ್ತವು.

ಯೋಜನೆಯ ಕಡೆಯಲ್ಲೂ ಇದೇ ವಿಳಂಬ ಕಾಣುತ್ತದೆ. 2031ರ ಗುರಿಯ ಕರಡು ಮಹಾಯೋಜನೆ 2017ರಲ್ಲಿ ಪ್ರಕಟವಾದರೂ ಜಾರಿಯಾಗಲಿಲ್ಲ. ಗುರಿವರ್ಷ ಕಳೆದ ಮೇಲೂ ಹಳೆಯ ಯೋಜನೆಯನ್ನೇ ತಿದ್ದುಪಡಿಗಳ ಮೂಲಕ ಮುಂದುವರಿಸಬೇಕಾಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರ ಪಾಲಿಕೆಗಳೂ ರಚನೆಯಾಗಿರುವ ಈ ಸಂದರ್ಭದಲ್ಲಿ ಕ್ರಮವನ್ನು ಸರಿಪಡಿಸಿಕೊಳ್ಳುವ ಅವಕಾಶ ಒದಗಿದೆ.

ಉದ್ಯಮ ವಲಯವು ಪ್ರತಿಪಾದಿಸಬೇಕಾದ ಅಂಶಗಳು

1. ಹೆಚ್ಚಿನ ಅನುಪಾತಕ್ಕೆ ರಸ್ತೆಯ ಅಗಲದೊಂದಿಗೆ ನೀರು ಮತ್ತು ಒಳಚರಂಡಿಯ ಲಭ್ಯತೆಯೂ ಮಾನದಂಡವಾಗಬೇಕು.

2. ಹೆಚ್ಚುವರಿ ನಿರ್ಮಾಣಕ್ಕೆಂದು ಪಡೆಯುವ ಶುಲ್ಕವನ್ನು ಆ ಹೊರೆ ಹೊರುವ ಪ್ರದೇಶದಲ್ಲಿಯೇ ವಿನಿಯೋಗಿಸಿ, ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು.

3. ವಲಯ ಬದಲಾವಣೆಗಳು ಬಿಡಿ ಅರ್ಜಿಗಳ ಮೇಲೆ ನಡೆಯದೆ, ಇಡೀ ಪ್ರದೇಶದ ಅಧ್ಯಯನ ಹಾಗೂ ಸಾರ್ವಜನಿಕ ಆಕ್ಷೇಪಣೆಗಳ ವಿಚಾರಣೆಯ ಅನಂತರವೇ ಆಗಬೇಕು.

ಇವು ನಿರ್ಮಾಣಕ್ಕೆ ಅಡ್ಡಿಯೆಂದು ಕೆಲವರಿಗೆ ತೋರಬಹುದು. ಆದರೆ ಬಂಡವಾಳ ಹೂಡುವವನಿಗೆ ಕಠಿಣ ನಿಯಮಕ್ಕಿಂತ ಅನಿಶ್ಚಿತ ನಿಯಮವೇ ಹೆಚ್ಚು ನಷ್ಟ ತರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಕಾಲು ಬೆಳೆಯುವುದು ಖಚಿತವಿರುವ ನಗರವು ಹಾಸಿಗೆಯನ್ನು ಮುಂಚಿತವಾಗಿಯೇ ಹೊಲಿಸಿಡುವುದು ವಿವೇಕ. ಮಹಾಯೋಜನೆಗಳನ್ನು ರೂಪಿಸುತ್ತಿರುವ ರಾಜ್ಯದ ಇತರ ನಗರಗಳಿಗೂ ಬೆಂಗಳೂರಿನ ಅನುಭವ ಕಲಿಸುವ ಪಾಠ ಇದೇ.