ಪದವಿಯಿಲ್ಲದ ಮುಂದಾಳು

ಅಧಿಕಾರವುಳ್ಳವರೇ ಮುಂದಾಳುಗಳು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಕಚೇರಿಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಯಾರಿಗೆ ಕುರ್ಚಿಯುಂಟೋ ಅವರ ಮಾತಿಗೆ ಮನ್ನಣೆಯುಂಟು. ಆದರೆ ಕುರ್ಚಿಯಿಂದ ಬಂದ ಮನ್ನಣೆ ಕುರ್ಚಿಯೊಡನೆಯೇ ಹೊರಟುಹೋಗುತ್ತದೆ. ತಮ್ಮ ಕೆಲಸವನ್ನು ಆಳವಾಗಿ ಅರಿತು, ಅದರ ಹೊಣೆಯನ್ನು ತಾವಾಗಿ ಹೊತ್ತವರ ಮುಂದಾಳುತನ ಬಹುಕಾಲ ಬಾಳುತ್ತದೆ. ಉತ್ತರ ಕನ್ನಡ ಜಿಲ್ಲೆಯ ತುಳಸಿ ಗೌಡರ ಜೀವನವು ಇದಕ್ಕೊಂದು ಉಜ್ವಲ ನಿದರ್ಶನ.

ಉತ್ತರ ಕನ್ನಡವು ಕಾಡುಗಳ ಜಿಲ್ಲೆ. ದಾಂಡೇಲಿಯ ಸಾಗುವಾನಿ ಹೆಸರಾದುದು. ಈ ಕಾಡು ನಾಡಿನ ಅಗತ್ಯಗಳಿಗಾಗಿ ಬಹಳವನ್ನು ತೆತ್ತಿದೆ. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದಾಗ ಊರುಗಳೂ ಅರಣ್ಯವೂ ನೀರಿನಲ್ಲಿ ಮುಳುಗಿದವು. ನೆಲೆ ಕಳೆದುಕೊಂಡ ಅನೇಕ ಕುಟುಂಬಗಳು ಜೋಯಿಡಾ ತಾಲ್ಲೂಕಿನ ರಾಮನಗರದಲ್ಲಿ ಹೊಸ ಬದುಕನ್ನು ಕಟ್ಟಿಕೊಂಡವು. ಮನೆಯನ್ನು ಕೆಲವು ತಿಂಗಳಲ್ಲಿ ಕಟ್ಟಬಹುದು. ಕಾಡು ಬೆಳೆಯಲು ತಲೆಮಾರುಗಳು ಬೇಕು. ಅದರ ಆರಂಭ ಒಂದು ಬೀಜದಿಂದ. ಆ ಬೀಜವನ್ನು ಆಯ್ದು ಸಸಿ ಮಾಡುವ ಕೆಲಸ ಬಹುಮಟ್ಟಿಗೆ ಕೂಲಿಯಾಳುಗಳದು. ಅಂತಹವರಲ್ಲಿ ಒಬ್ಬರು ತುಳಸಿ ಗೌಡ.

ಇದೇ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿ ಅವರ ಊರು. ಹಾಲಕ್ಕಿ ಒಕ್ಕಲಿಗರ ಬಡ ಕುಟುಂಬದಲ್ಲಿ ಹುಟ್ಟಿದ ಅವರು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರು. ಶಾಲೆಯ ಮೆಟ್ಟಿಲನ್ನು ಹತ್ತುವ ಭಾಗ್ಯ ಅವರದಾಗಲಿಲ್ಲ. ತಾಯಿಯ ಜೊತೆಯಲ್ಲಿ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಕ್ಕೆ ಕೂಲಿಗೆ ಹೋದರು. ಮೂರು ದಶಕಗಳಿಗೂ ಮಿಕ್ಕಿ ಅವರು ದಿನಗೂಲಿಯವರಾಗಿಯೇ ದುಡಿದರು.

ಸಸ್ಯಕ್ಷೇತ್ರದ ಕೆಲಸ ಹೊರನೋಟಕ್ಕೆ ಸುಲಭ. ಒಳಹೊಕ್ಕು ನೋಡಿದರೆ ಅದೊಂದು ಶಾಸ್ತ್ರ. ಸಾಗುವಾನಿಯ ಬೀಜದ ಕವಚ ಗಟ್ಟಿ. ಅದನ್ನು ಮತ್ತೆ ಮತ್ತೆ ನೀರಿನಲ್ಲಿ ನೆನೆಸಿ ಬಿಸಿಲಿಗೆ ಒಣಗಿಸಬೇಕು. ಹಲಸಿನ ಬೀಜವಾದರೋ ಒಣಗಿದರೆ ಕೆಡುತ್ತದೆ, ಹಸಿಯಾಗಿರುವಾಗಲೇ ಬಿತ್ತಬೇಕು. ಆರೋಗ್ಯವಂತವಾದ ತಾಯಿಮರವನ್ನು ಗುರುತಿಸಿ, ಕಾಯಿ ಬಲಿಯುವ ಕಾಲವನ್ನರಿತು ಬೀಜವನ್ನು ಸಂಗ್ರಹಿಸಬೇಕು. ಇದರಲ್ಲಿ ತಪ್ಪಿದರೆ ನೆಡುತೋಪೇ ಸೊರಗೀತು. ಆ ತಪ್ಪು ತಿಳಿಯುವ ವೇಳೆಗೆ ವರ್ಷಗಳೇ ಉರುಳಿರುತ್ತವೆ. ಹೇಳಿದಷ್ಟನ್ನು ಮಾಡಿ ಸಂಜೆ ಕೂಲಿ ಪಡೆದು ಹೋಗಿದ್ದರೆ ತುಳಸಿ ಗೌಡರನ್ನು ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವರು ಸಸಿಗಳ ಹೊಣೆಯನ್ನು ತಮ್ಮದಾಗಿಸಿಕೊಂಡರು. ತಾಯಿಮರಗಳನ್ನು ಗುರುತಿಸುವುದರಲ್ಲಿ ಅಸಾಧಾರಣ ಪರಿಣತಿಯನ್ನು ಗಳಿಸಿದರು. ಓದುಬರಹವರಿಯದ ಅವರನ್ನು ಜನರು ‘ಕಾಡಿನ ವಿಶ್ವಕೋಶ’ವೆಂದು ಕರೆದರು.

ಇಲಾಖೆಯೂ ಅವರ ಅರಿವನ್ನು ಮನ್ನಿಸಿ ನೌಕರಿಯನ್ನು ಕಾಯಂ ಮಾಡಿತು. ಅವರಿಗೆ 1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿಯೂ 1999ರಲ್ಲಿ ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿಯೂ ದೊರೆತವು. 2020ನೆಯ ಸಾಲಿನ ಪದ್ಮಶ್ರೀ ಪ್ರಶಸ್ತಿಯನ್ನು 2021ರ ನವೆಂಬರ್ ತಿಂಗಳಿನಲ್ಲಿ ರಾಷ್ಟ್ರಪತಿಗಳಿಂದ ಸ್ವೀಕರಿಸಲು ಅವರು ತಮ್ಮ ಜನಾಂಗದ ಉಡುಗೆಯಲ್ಲಿ, ಬರಿಗಾಲಿನಲ್ಲಿಯೇ ನಡೆದು ಬಂದರು. ನಿವೃತ್ತಿಯ ನಂತರವೂ ಸಸಿಗಳ ನಂಟನ್ನು ಬಿಡಲಿಲ್ಲ. 2024ರ ಡಿಸೆಂಬರ್ 16ರಂದು ಹೊನ್ನಳ್ಳಿಯಲ್ಲಿ ನಿಧನರಾದರು.

ಈ ಗೌರವಗಳನ್ನು ಕಂಡು ಹಿಗ್ಗುವಾಗ ಮತ್ತೊಂದು ಮಾತನ್ನು ಮರೆಯಲಾಗದು. ಇಂತಹ ಪರಿಣತೆ ಅಷ್ಟು ದೀರ್ಘಕಾಲ ದಿನಗೂಲಿಯಲ್ಲಿ ದುಡಿಯಬೇಕಾಯಿತು. ಕೆಲಸದಲ್ಲಿ ಮುಂದಾಳಾಗುವುದು ದುಡಿಯುವವರ ಸಾಧನೆ. ಅದನ್ನು ಕಾಲಕ್ಕೆ ಸರಿಯಾಗಿ ಗುರುತಿಸುವುದು ಸಮಾಜದ ಕರ್ತವ್ಯ.

ವಿದ್ಯಾರ್ಥಿಗಳೇ, ನಾಳೆ ನೀವು ಹೊಲದಲ್ಲಿಯೋ ಕಾರ್ಖಾನೆಯಲ್ಲಿಯೋ ಕಚೇರಿಯಲ್ಲಿಯೋ ದುಡಿಯುವಿರಿ. ಮೊದಲ ದಿನವೇ ಪದವಿ ದೊರೆಯದಿರಬಹುದು. ಕೈಗೆ ಬಂದ ಕೆಲಸವನ್ನು ಪ್ರೀತಿಯಿಂದ ಕಲಿಯಿರಿ. ಯಾರೂ ನೋಡದಿರುವಾಗಲೂ ಅದರ ಹೊಣೆಯನ್ನು ಹೊರಿರಿ. ಆಗ ನಿಮ್ಮ ಕೆಲಸವೇ ನಿಮಗೆ ಹೆಸರನ್ನು ತಂದುಕೊಡುವುದು.

ಶಬ್ದಾರ್ಥ
ಮನ್ನಣೆ – ಗೌರವ
ನಿದರ್ಶನ – ಉದಾಹರಣೆ
ಎಳವೆ – ಚಿಕ್ಕ ವಯಸ್ಸು
ನೆಡುತೋಪು – ಸಸಿಗಳನ್ನು ನೆಟ್ಟು ಬೆಳೆಸಿದ ತೋಪು

ಪ್ರಶ್ನೆಗಳು
1. ಎಂತಹವರ ಮುಂದಾಳುತನ ಬಹುಕಾಲ ಬಾಳುತ್ತದೆ?
2. ಸಾಗುವಾನಿ ಮತ್ತು ಹಲಸಿನ ಬೀಜಗಳನ್ನು ಬಿತ್ತುವ ಕ್ರಮದಲ್ಲಿರುವ ವ್ಯತ್ಯಾಸವೇನು?
3. “ಗುರುತಿಸುವುದು ಸಮಾಜದ ಕರ್ತವ್ಯ” – ಈ ಮಾತನ್ನು ವಿವರಿಸಿರಿ.