ನೀಲ ಬೆಳಕು ಮತ್ತು ಮಸೂರ

ಸೂರ್ಯನ ಬಿಳಿಯ ಬೆಳಕು ಹಲವು ಬಣ್ಣಗಳ ಮಿಶ್ರಣವೆಂಬುದನ್ನು ಕಾಮನಬಿಲ್ಲು ತೋರಿಸಿಕೊಡುತ್ತದೆ. ಒಂದೊಂದು ಬಣ್ಣಕ್ಕೂ ಅದರದೇ ಆದ ತರಂಗದೂರವುಂಟು. ಸುಮಾರು 400ರಿಂದ 500 ನ್ಯಾನೊಮೀಟರುಗಳವರೆಗಿನ ಬೆಳಕನ್ನು ಸಾಮಾನ್ಯವಾಗಿ ನೀಲ ಬೆಳಕೆಂದು ಕರೆಯುವರು. ತರಂಗದೂರವು ಕಡಿಮೆಯಾದಂತೆ ಬೆಳಕಿನ ಕಣದ ಶಕ್ತಿಯು ಹೆಚ್ಚುವುದರಿಂದ, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಈ ಭಾಗವೇ ಹೆಚ್ಚು ಶಕ್ತಿಯುತವಾದುದು.

ನಿಸರ್ಗವು ಕಣ್ಣಿನೊಳಗೇ ಒಂದು ಶೋಧಕವನ್ನು ಇರಿಸಿದೆ. ಅಕ್ಷಿಪಟದ ನಡುಭಾಗದಲ್ಲಿರುವ ಹಳದಿಯ ವರ್ಣದ್ರವ್ಯವು ನೀಲ ಬೆಳಕನ್ನು ಸ್ವಲ್ಪ ಮಟ್ಟಿಗೆ ಹೀರಿಕೊಳ್ಳುತ್ತದೆ. ಇದೇ ತತ್ತ್ವವನ್ನು ಮಾನವನು ಕನ್ನಡಕಕ್ಕೂ ಅಳವಡಿಸಿದ್ದಾನೆ. ಗಾಜಿನ ಕುಲುಮೆಗಳ ಮುಂದೆ ದುಡಿಯುತ್ತಿದ್ದವರಿಗೆ ಕಣ್ಣಿನ ಪೊರೆ ಬರುತ್ತಿದ್ದುದನ್ನು ತಪ್ಪಿಸಲೆಂದು ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಕ್ರೂಕ್ಸನು ಸೀರಿಯಂ ಮೊದಲಾದ ಲೋಹಗಳ ಆಕ್ಸೈಡುಗಳನ್ನು ಗಾಜಿಗೆ ಬೆರೆಸಿ ಪರೀಕ್ಷಿಸಿದನು. ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನೂ ಶಾಖವನ್ನೂ ತಡೆಯುವ ಗಾಜುಗಳ ವಿವರವನ್ನು 1914ರಲ್ಲಿ ಪ್ರಕಟಿಸಿದನು.

ಇಂದಿನ ಕನ್ನಡಕಗಳು ನೀಲ ಬೆಳಕನ್ನು ಎರಡು ವಿಧಗಳಲ್ಲಿ ತಡೆಯುತ್ತವೆ. ಮೊದಲನೆಯದು ಹೀರುವಿಕೆ. ಮಸೂರದಲ್ಲಿ ಬೆರೆಸಿದ ವರ್ಣದ್ರವ್ಯವು ನೀಲವನ್ನು ಹೀರಿದಾಗ ಉಳಿದ ಬೆಳಕು ಹಳದಿಯ ಛಾಯೆಯನ್ನು ತಾಳುತ್ತದೆ. ಎರಡನೆಯದು ಪ್ರತಿಫಲನ. ಮಸೂರದ ಮೇಲಿನ ಅತಿ ತೆಳುವಾದ ಪದರಗಳು ನೀಲ ಬೆಳಕಿನ ಒಂದಂಶವನ್ನು ಹಿಂದಕ್ಕೆ ಕಳುಹಿಸುತ್ತವೆ. ಇಂತಹ ಕನ್ನಡಕದ ಹೊರಮೈ ನೀಲಿಯಾಗಿ ಹೊಳೆಯುವುದು ಇದರಿಂದಲೇ. ಕಾಂಟ್ಯಾಕ್ಟ್ ಲೆನ್ಸುಗಳಲ್ಲಾದರೋ ಹೀರುವ ವಿಧಾನವೇ ಬಳಕೆಯಲ್ಲಿದೆ. ಹೀರುವ ವಸ್ತುವು ಕಣ್ಣೀರಿನಲ್ಲಿ ಕರಗಿಹೋಗದಂತೆ ಅದನ್ನು ಮಸೂರದ ಪಾಲಿಮರಿನೊಡನೆ ರಾಸಾಯನಿಕವಾಗಿ ಬಂಧಿಸುತ್ತಾರೆ.

ಹಾಗಾದರೆ ಪರದೆಗಳನ್ನು ನೋಡುವವರೆಲ್ಲರೂ ಇಂತಹ ಕನ್ನಡಕವನ್ನು ಧರಿಸಬೇಕೆ? ಪರದೆಯ ನೀಲ ಬೆಳಕು ಹಗಲಿನ ಬಯಲು ಬೆಳಕಿನಲ್ಲಿರುವುದಕ್ಕಿಂತ ಬಹಳ ಕಡಿಮೆ. 17 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು, ಕಂಪ್ಯೂಟರ್ ಬಳಕೆಯಿಂದಾಗುವ ಕಣ್ಣಿನ ಆಯಾಸವನ್ನು ಈ ಕನ್ನಡಕಗಳು ಅಲ್ಪಾವಧಿಯಲ್ಲಿ ತಗ್ಗಿಸಲಾರವೆಂದೇ ಅಭಿಪ್ರಾಯಪಟ್ಟಿತು. ಪರದೆಯನ್ನು ದಿಟ್ಟಿಸುವಾಗ ರೆಪ್ಪೆಗಳು ಕಡಿಮೆ ಬಡಿದು ಕಣ್ಣು ಒಣಗುವುದು ಆಯಾಸಕ್ಕೆ ಒಂದು ಮುಖ್ಯ ಕಾರಣ. ಅದಕ್ಕೆ ಮದ್ದು ಬಣ್ಣದ ಗಾಜಲ್ಲ, ಬಿಡುವು. ಇದಲ್ಲದೆ ನೀಲ ಬೆಳಕು ಕೇವಲ ಶತ್ರುವೂ ಅಲ್ಲ. ಹಗಲಿನಲ್ಲಿ ದೇಹವನ್ನು ಎಚ್ಚರವಾಗಿರಿಸುವುದೂ ಅದೇ.

ಇಂತಹ ಮಸೂರವು ನೀಲ ಬೆಳಕಿನ ಒಂದು ಪಾಲನ್ನು ಮಾತ್ರ ತಡೆಯುತ್ತದೆ ಎಂಬುದನ್ನು ಮರೆಯಲಾಗದು. ಅದನ್ನು ನಂಬಿ ಗ್ರಹಣಕಾಲದಲ್ಲಿ ಸೂರ್ಯನನ್ನು ನೋಡಿದವರು ದೃಷ್ಟಿಯನ್ನೇ ಕಳೆದುಕೊಳ್ಳಬಹುದು. ಒಂದು ಉಪಕರಣದ ಶಕ್ತಿಯಂತೆ ಅದರ ಮಿತಿಯನ್ನೂ ಅರಿಯುವುದೇ ವಿಜ್ಞಾನದ ತಿಳಿವು.